ಇನ್ಶೂರೆನ್ಸ್ ಬಕ್ಕೇಶಪ್ಪನವರ ಮಾತು

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಬಕ್ಕೇಶಪ್ಪ ಯಾರು ಎಂದು ಕೇಳಿದರೆ ಮೂರು ನಾಲ್ಕು ಮನೆ ತೋರಿಸುತ್ತಾರೆ. ಇನ್ಶೂರೆನ್ಸ್ ಬಕ್ಕೇಶಪ್ಪ ಎಂದರೆ ಮಾತ್ರ ಒಂದೇ ಮನೆ. ಆ ಮನೆಯ ಮುಂದಿನ ಚಿಕ್ಕ ಕೋಣೆಗೆ ರಸ್ತೆ ಕಡೆಯಿಂದಲೇ ಒಂದು ಬಾಗಿಲಿದೆ. ಒಳಗೆ ಒಂದು ಮೇಜು, ಗೋಡೆಗೆ ಸರಿಸಿಟ್ಟ ಉದ್ದನೆಯ ಬೆಂಚು. ಒಂದು ಕಾಲದಲ್ಲಿ ಆ ಬೆಂಚಿನ ಮೇಲೆ ಜಾಗ ಸಿಗದೆ ಜನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಈಗ ಸೊಸೆ ಸ್ನೇಹಾ ಒಗೆದ ಬಟ್ಟೆಯನ್ನು ಅದರ ಮೇಲೆ ಮಡಚಿಡುತ್ತಾಳೆ.

ಬಕ್ಕೇಶಪ್ಪನವರ ಊರು ಹರಿಹರ ತಾಲ್ಲೂಕಿನ ಕೊಕ್ಕನೂರು. ತಂದೆಗೆ ಹೊಲವೂ ಇತ್ತು, ಸುಗ್ಗಿಯಲ್ಲಿ ಶೇಂಗಾ ವ್ಯಾಪಾರವೂ ಇತ್ತು. ಮಗ ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ ಮೇಲೆ ದಲಾಲಿ ಅಂಗಡಿ ಇಡುತ್ತಾನೆ ಎಂದು ಅವರು ಊರಲ್ಲೆಲ್ಲ ಹೇಳಿಕೊಂಡಿದ್ದರು. ಮಗ ಮನೆಗೆ, ವಾಹನಕ್ಕೆ ಇನ್ಶೂರೆನ್ಸ್ ಮಾಡಿಸುವ ಏಜೆಂಟನಾದ. "ಶೇಂಗಾ ಮಾರೋನು ಶೇಂಗಾ ಕೊಡ್ತಾನೆ. ನೀನು ಏನು ಕೊಡ್ತೀಯೋ? ಕೇಡು ಬರ್ತದೆ ಅಂತ ಹೆದರಿಸಿ ದುಡ್ಡು ಇಸ್ಕೊಂಬರ್ತೀಯಾ?" ಎಂದು ತಂದೆ ಕೇಳಿದ್ದರು. ಅದಕ್ಕೆ ಆಗ ಮಗನ ಹತ್ತಿರ ಉತ್ತರವಿರಲಿಲ್ಲ.

ಆ ಉತ್ತರ ಸಿಕ್ಕಿದ್ದು ದಾವಣಗೆರೆಯ ಒಬ್ಬ ಜವಳಿ ವ್ಯಾಪಾರಿಯ ಮನೆಯಲ್ಲಿ, ಬೈಗುಳ ತಿಂದ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತು. ಇವರು ಪಡಸಾಲೆಯಲ್ಲಿ ಕೂತು, "ನಿಮ್ಮ ಮನೆಗೆ ಬೆಂಕಿ ಬಿತ್ತು ಅಂತ ಇಟ್ಕೊಳ್ರಿ" ಎಂದು ಶುರು ಮಾಡಿದರು. ವ್ಯಾಪಾರಿಯ ತಾಯಿ ಒಳಗಿನಿಂದ ಬಂದವರೇ, "ದೀಪ ಹಚ್ಚೋ ಹೊತ್ತಿನಾಗೆ ಬೆಂಕಿ ಮಾತು ಆಡ್ತೀಯಲ್ಲೋ, ಎದ್ದೇಳು" ಎಂದು ಹೊರಗೆ ಕಳಿಸಿದರು. ಕಳಿಸಿ, ಇವರು ಕೂತಿದ್ದ ಜಾಗಕ್ಕೆ ನೀರು ಹಾಕಿ ಒರೆಸಿದರು. ಬಕ್ಕೇಶಪ್ಪ ಮನೆಯ ಹೊರಗಿನ ಕಟ್ಟೆಯ ಮೇಲೆ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ, ಸೋತ ದನಿಯಲ್ಲಿ, "ತಪ್ಪಾಯ್ತು ತಾಯಿ. ಆಗಬಾರದ್ದು ಆಗಬಾರದು. ಆದ್ರೆ ನಾನು ಬರ್ತೀನಿ ಅಂತ ಹೇಳಾಕೆ ಬಂದಿದ್ದೆ ಅಷ್ಟೇ" ಎಂದರು. ಆ ತಾಯಿ ಒರೆಸುವ ಬಟ್ಟೆ ಕೆಳಗಿಟ್ಟರು. "ಹಂಗೆ ಹೇಳಬೇಕಪ್ಪ. ಒಳಗೆ ಬಾ" ಎಂದರು.

ಅಂದಿನಿಂದ ಬಕ್ಕೇಶಪ್ಪ ಯಾರ ಮನೆಯೊಳಗೂ ಬೆಂಕಿ, ನೀರು, ಕಳ್ಳತನ, ಅಪಘಾತ ಎಂಬ ಮಾತುಗಳನ್ನು ಎತ್ತಲಿಲ್ಲ. ಅಮಾವಾಸ್ಯೆಯ ದಿನ ಪಾಲಿಸಿ ಕೊಡಲಿಲ್ಲ. ಆಗಬಾರದ್ದು ಆಗಬಾರದು, ಆದ್ರೆ ನಾನು ಬರ್ತೀನಿ. ಇಷ್ಟೇ ಅವರ ವ್ಯಾಪಾರದ ಮಾತು. ಜನ ಅದನ್ನು ನಂಬಿದರು. ಪಾಲಿಸಿ ಕಾಗದಕ್ಕೆ ವಿಭೂತಿ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಹೊಸ ಕಾರಿಗೆ ಪೂಜೆ ಮಾಡಿದಾಗ ಒಡೆದ ಕಾಯಿಯ ಒಂದು ಹೋಳನ್ನು ಇವರ ಮನೆಗೆ ಕಳಿಸಿದರು.

ಮಾತಿಗೆ ತಕ್ಕಂತೆ ಅವರು ಹೋಗುತ್ತಲೂ ಇದ್ದರು. ಒಮ್ಮೆ ಸಾರಥಿ ಎಂಬ ಊರಿನ ಹತ್ತಿರ ಗಿರಾಕಿಯೊಬ್ಬರ ಅಂಬಾಸಿಡರ್ ಹುಣಸೆಮರಕ್ಕೆ ಗುದ್ದಿತ್ತು. ಸುದ್ದಿ ತಿಳಿದು, ಸ್ಕೂಟರಿನ ಹಿಂದೆ ಕಂಪನಿಯ ಸರ್ವೇಯರನ್ನು ಕೂರಿಸಿಕೊಂಡು ಬಕ್ಕೇಶಪ್ಪ ಅಲ್ಲಿ ಮುಟ್ಟಿದಾಗ, ಡ್ರೈವರ್ ಇನ್ನೂ ಚಹಾದ ಲೋಟ ಹಿಡಿದುಕೊಂಡೇ ಇದ್ದ. ಆಗಿನ ಸರ್ವೇಯರುಗಳು ಬಕಲ್ ಹಾಕಿದ ಚರ್ಮದ ಚೀಲ ತರುತ್ತಿದ್ದರು. ಹಾನಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಗಿರಾಕಿಯ ಮುಖ ನೋಡುತ್ತಿದ್ದರು. ಎಲ್ಲರಿಗೂ ಎಲ್ಲವೂ ಸಿಗುತ್ತಿತ್ತು ಎಂದಲ್ಲ. ಆದರೆ ಇಲ್ಲ ಎನ್ನುವುದನ್ನೂ ಒಬ್ಬ ಮನುಷ್ಯ ಎದುರಿಗೆ ನಿಂತು ಹೇಳುತ್ತಿದ್ದ. ಜನ ಬೈಯುವುದಿದ್ದರೆ ಬೈಯಲು ಒಂದು ಮುಖವಿತ್ತು.

ಹರಿಹರದಲ್ಲಿ ಬಕ್ಕೇಶಪ್ಪನವರಿಗೆ ಸಿಕ್ಕ ಮೊದಲ ಮನೆ ಪುಟ್ಟಕ್ಕನದು. ಹೊಳೆಗೆ ಹತ್ತಿರದ ಓಣಿಯಲ್ಲಿ ಹೆಂಚಿನ ಮನೆ. ಗಂಡ ಕಾರ್ಖಾನೆಯಲ್ಲಿ ಕೂಲಿ. ಮುಂದಿನ ಪಡಸಾಲೆಯಲ್ಲಿ ನಾಲ್ಕು ಮಣೆ ಹಾಕಿ ಪುಟ್ಟಕ್ಕ ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹರಿಹರಕ್ಕೆ ಹೋದಾಗಲೆಲ್ಲ ಬಕ್ಕೇಶಪ್ಪ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದರು. ಒಂದು ದಿನ ಪುಟ್ಟಕ್ಕನೇ ಕೇಳಿದಳು: "ನೀವು ಊರ ಮಂದಿಗೆಲ್ಲ ಅದೇನೋ ಮಾಡಿಸ್ತೀರಂತಲ್ಲ, ನನಗ್ಯಾಕೆ ಹೇಳಿಲ್ಲ? ನಂದು ಮನೆ ಅಲ್ವಾ?"

ಮರುವರ್ಷವೋ ಅದರ ಮುಂದಿನ ವರ್ಷವೋ ಹೊಳೆ ಬಂತು. ನಸುಕಿನಲ್ಲಿ ಸುದ್ದಿ ತಿಳಿದ ಬಕ್ಕೇಶಪ್ಪ, ಸರ್ವೇಯರನ್ನು ಎಬ್ಬಿಸಿಕೊಂಡು ಹರಿಹರಕ್ಕೆ ಹೋದರು. ಇಬ್ಬರೂ ಪಂಚೆ, ಪ್ಯಾಂಟು ಮೇಲೆತ್ತಿಕೊಂಡು ಓಣಿಯ ನೀರಿನಲ್ಲೇ ನಡೆದರು. ಪುಟ್ಟಕ್ಕನ ಮನೆಯಲ್ಲಿ ಮೊಣಕಾಲುದ್ದ ಕೆಸರು. ಒಲೆ ಕರಗಿಹೋಗಿತ್ತು. ಜೋಳದ ಚೀಲ ನೆನೆದು ಒಡೆದಿತ್ತು. ಆ ಹಿರಿಯ ಸರ್ವೇಯರು ಮಗುಚಿ ಹಾಕಿದ ಕಡಾಯಿಯ ಮೇಲೆ ಕೂತು, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲವನ್ನೂ ಬರೆದುಕೊಂಡರು. ತಿಂಗಳೊಳಗೆ ಪರಿಹಾರ ಬಂತು. ಪುಟ್ಟಕ್ಕ ಹೊಸ ಒಲೆ ಹಾಕಿಸಿದಳು, ನೆಲಕ್ಕೆ ಕಡಪಾ ಕಲ್ಲು ಹಾಸಿಸಿದಳು.

ಆದರೆ ಅವಳ ಮನಸ್ಸಿನಲ್ಲಿ ಉಳಿದದ್ದು ಬೇರೆ. ಬಕ್ಕೇಶಪ್ಪ ಪ್ರತಿ ವರ್ಷ ಕಾರ್ತಿಕದಲ್ಲಿ ಪಾಲಿಸಿ ಮುಂದುವರಿಸಲು ಹೋದಾಗಲೂ ಅವಳು ಅದನ್ನೇ ಹೇಳುತ್ತಿದ್ದಳು: "ಅಷ್ಟು ದೊಡ್ಡ ಆಫೀಸರು ಮನೆಗೆ ಬಂದಿದ್ರು. ಕೂಡ್ರಿ ಅನ್ನಾಕೆ ಒಂದು ಚಾಪೆ ಇರಲಿಲ್ಲ. ಒಂದು ಲೋಟ ನೀರು ಕೊಡಲಿಲ್ಲ ನೋಡ್ರಿ ನಾನು. ಕಡಾಯಿ ಮ್ಯಾಲೆ ಕೂತು ಎದ್ದು ಹೋದ್ರು."

"ಅವರು ಊಟಕ್ಕೆ ಬಂದಿದ್ರೇನು ಪುಟ್ಟಕ್ಕ?"

"ಯಾವುದಕ್ಕೆ ಬಂದಿದ್ರೂ ಮನೆಗೆ ಬಂದವರು ಬಂದವರೇ."

ಕಾಲ ಸರಿಯಿತು. ಪುಟ್ಟಕ್ಕನ ಗಂಡ ತೀರಿಕೊಂಡ. ಮಗಳು ನೇತ್ರಾವತಿ ಖಾನಾವಳಿಗೆ ನಿಂತಳು. ಮಣೆ ಹೋಗಿ ಮೇಜು ಬಂತು, ಫ್ರಿಜ್ ಬಂತು, ರುಬ್ಬುವ ಮಷೀನು ಬಂತು. ಇತ್ತ ಬಕ್ಕೇಶಪ್ಪನವರ ಬೆಂಚು ಖಾಲಿಯಾಗುತ್ತಾ ಬಂತು. ಕಾರಿನ ಕೀಲಿಕೈ ಜೊತೆಗೆ ಶೋರೂಮಿನವರೇ ಇನ್ಶೂರೆನ್ಸ್ ಕೊಡತೊಡಗಿದರು. ಮನೆ ಸಾಲದ ಜೊತೆಗೆ ಬ್ಯಾಂಕಿನವರೇ ಸೇರಿಸತೊಡಗಿದರು. ಉಳಿದವರು ಮೊಬೈಲಿನಲ್ಲಿ ತಾವೇ ಮಾಡಿಕೊಂಡರು. ಕಂಪನಿಯ ದಾವಣಗೆರೆ ಕಚೇರಿ ಚಿಕ್ಕದಾಗುತ್ತಾ ಹೋಗಿ, ಕೊನೆಗೆ ಗಾಜಿನ ಬಾಗಿಲಿಗೆ ಒಂದು ಟೋಲ್ ಫ್ರೀ ನಂಬರು ಅಂಟಿಸಿದ ಮೇಲೆ ಅಲ್ಲಿಗೆ ಹೋದವರೆಲ್ಲ ಆ ನಂಬರನ್ನೇ ಓದಿಕೊಂಡು ವಾಪಸು ಬರತೊಡಗಿದರು.

ಆದರೂ ವಾಹನ ಗುದ್ದಿಸಿಕೊಂಡವರು ಬಕ್ಕೇಶಪ್ಪನವರ ಮನೆಗೆ ಬರುವುದು ನಿಲ್ಲಲಿಲ್ಲ. ಪಾಲಿಸಿ ಇವರ ಹತ್ತಿರ ಮಾಡಿಸಿರುತ್ತಿರಲಿಲ್ಲ. ಕಷ್ಟ ಹೇಳಿಕೊಳ್ಳಲು ಮಾತ್ರ ಬರುತ್ತಿದ್ದರು. ಬಂಪರಿಗೆ ಪರಿಹಾರ ಉಂಟು, ಅದರ ಕ್ಲಿಪ್ಪಿಗೆ ಇಲ್ಲವಂತೆ. ಇಲ್ಲಿಯ ಗ್ಯಾರೇಜು ನಡೆಯುವುದಿಲ್ಲವಂತೆ, ಕಾರನ್ನು ಎಳೆಸಿಕೊಂಡು ಹುಬ್ಬಳ್ಳಿಗೆ ಹೋಗಬೇಕಂತೆ. ಬಕ್ಕೇಶಪ್ಪ ಕೇಳಿಸಿಕೊಂಡು, ಚಹಾ ಕೊಡಿಸಿ ಕಳಿಸುತ್ತಿದ್ದರು. ಅವರ ಸ್ವಂತ ಗಿರಾಕಿಗಳು ಕೊನೆಗೆ ಬೆರಳೆಣಿಕೆಯಷ್ಟು ಉಳಿದರು. ಪುಟ್ಟಕ್ಕ ಅವರಲ್ಲಿ ಒಬ್ಬಳು.

ಹೋದ ವರ್ಷ ಶ್ರಾವಣ ಹಿಡಿಯುವ ಹೊತ್ತಿಗೆ ಮೇಲಿನ ಜಲಾಶಯಗಳಿಂದ ನೀರು ಬಿಟ್ಟರು. ಹೊಳೆ ಮತ್ತೆ ಓಣಿಗೆ ಬಂತು. ಬಕ್ಕೇಶಪ್ಪ ಆಗ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಮನೆಯಲ್ಲಿ ಕೂತಿದ್ದರು. ಧೂಳು, ಗಾಳಿ, ಬಸ್ಸು ಯಾವುದೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಬೆಳಗ್ಗೆ ನೇತ್ರಾವತಿಯ ಫೋನು ಬಂತು.

"ನೀರು ಒಳಗೆ ಬಂದೈತ್ರೀ. ಮಕ್ಕಳನ್ನ, ಅವ್ವನ್ನ ಕರ್ಕಂಡು ಶಾಲೆಗೆ ಬಂದೀವಿ. ಮೇಷ್ಟ್ರ ಫೋನಿಂದ ಮಾತಾಡ್ತಾ ಇದ್ದೀನಿ. ಅವ್ವ ಕೇಳ್ತಾಳೆ, ನೀವು ಯಾವಾಗ ಬರ್ತೀರಿ ಅಂತ."

ಮಾತು ಕೊಟ್ಟ ಮೇಲೆ ಬಕ್ಕೇಶಪ್ಪ ಬರಲಿಲ್ಲ ಎಂಬ ಹೆಸರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅವರು ಸ್ನೇಹಾಳನ್ನು ಕರೆದು, ಕಂಪನಿಗೆ ಫೋನು ಹಚ್ಚಲು ಹೇಳಿದರು. ಸ್ನೇಹಾ ಸ್ಪೀಕರ್ ಹಾಕಿದಳು. ಮೊದಲು ಸಂಗೀತ. ಆಮೇಲೆ ಅದನ್ನು ಒತ್ತಿ, ಇದನ್ನು ಒತ್ತಿ. ಮತ್ತೆ ಸಂಗೀತ. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗಿಯ ದನಿ ಬಂತು. ಪುಸ್ತಕದ ಕನ್ನಡ.

"ನದಿಯು ತಮ್ಮ ಮನೆಯಿಂದ ಎಷ್ಟು ದೂರದಲ್ಲಿದೆ ಸರ್?"

"ಈಗಾ?" ಎಂದರು ಬಕ್ಕೇಶಪ್ಪ. "ಈಗ ಮನೆಯೊಳಗೇ ಐತೆ ತಾಯಿ."

"ಮೀಟರಿನಲ್ಲಿ ಹೇಳಿ ಸರ್."

ಸ್ನೇಹಾ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಕೊನೆಗೆ ಅರ್ಜಿ ದಾಖಲಾಯಿತು. ಎರಡು ದಿನ ಯಾರೂ ಫೋನು ಮಾಡಲಿಲ್ಲ. ಮೂರನೆಯ ದಿನ ಮೊಬೈಲಿಗೆ ಒಂದು ಸಂದೇಶ ಬಂತು. ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?

"ಏನು ಪರಿಹಾರ ಆಯ್ತಂತೆ ಮಾವ?" ಎಂದಳು ಸ್ನೇಹಾ.

"ಹೊಳೆ ಇಳಿದೈತಂತೆ. ಅದನ್ನೂ ಇವರೇ ಇಳಿಸಿರಬೇಕು."

ಮತ್ತೆ ಫೋನು, ಮತ್ತೆ ಸಂಗೀತ. ಪ್ರತಿ ಸಲವೂ ಹೊಸ ದನಿ, ಪ್ರತಿ ಸಲವೂ ಮೊದಲಿನಿಂದ ಕಥೆ. ಹಾಗೆ ವಾರ ಮೀರಿದ ಮೇಲೆ, ಗುರುವಾರ ಮಧ್ಯಾಹ್ನ ಸರ್ವೇಯರ್ ಬರುತ್ತಾರೆ ಎಂದು ತಿಳಿಯಿತು. ಬಕ್ಕೇಶಪ್ಪನವರಿಗೆ ಗೆದ್ದಷ್ಟು ಸಂತೋಷವಾಯಿತು. ಕೂಡಲೇ ಹರಿಹರಕ್ಕೆ ಫೋನು ಮಾಡಿ, "ಪುಟ್ಟಕ್ಕ, ಗುರುವಾರ ಆಫೀಸರು ಮನೆ ನೋಡಾಕೆ ಬರ್ತಾರೆ. ನಾನೂ ಬರ್ತೀನಿ" ಎಂದರು.

"ಬರ್ರಿ ಬರ್ರಿ. ಬಂದ್ರೆ ಸಾಕು" ಎಂದಳು ಪುಟ್ಟಕ್ಕ. ಅವಳ ದನಿಯೂ ಹಿಗ್ಗಿತ್ತು.

ಇನ್ನೊಂದು ಮಾತು ಹೇಳಬೇಕಾಗಿತ್ತು. ಹೇಳಬೇಕೆಂದು ಬಕ್ಕೇಶಪ್ಪನವರಿಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಯಾರಿಗೂ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅವರು ಮುಟ್ಟುವಾಗ ಗಿರಾಕಿಯ ಕೈ ಇನ್ನೂ ಕಸಬರಿಗೆಗೆ ಹೋಗಿರುತ್ತಿರಲಿಲ್ಲ.

ಗುರುವಾರ ಕಪ್ಪು ಕನ್ನಡಕ ಹಾಕಿಕೊಂಡು, ಸ್ನೇಹಾ ಬೇಡವೆಂದರೂ ಕೇಳದೆ, ಬಸ್ಸು ಹತ್ತಿ ಹರಿಹರಕ್ಕೆ ಹೋದರು. ಓಣಿಯ ತಿರುವಿನಲ್ಲಿ ನಯೀಮ್‌ನ ಗ್ಯಾರೇಜು. ಪುಟ್ಟಕ್ಕನ ಮನೆಗೆ ಅಂಟಿಕೊಂಡ ಶೆಡ್ಡು. ಅದರಲ್ಲಿ ಮುಖ ಜಜ್ಜಿಹೋದ ಕೆಂಪು ಕಾರೊಂದು ನಿಂತಿತ್ತು.

"ಸಲಾಂ ಕಾಕಾ" ಎಂದ ನಯೀಮ್. "ನೋಡ್ರಿ ಇದನ್ನ. ಉಗಾದಿಗೆ ಬಂದದ್ದು. ಫೋಟೋ ಕಳಿಸು ಅಂದ್ರು, ಕಳಿಸಿದೆ. ಬ್ಯಾರೆ ಕಡೆಯಿಂದ ಕಳಿಸು ಅಂದ್ರು, ಕಳಿಸಿದೆ. ಮಂಜೂರಾತಿ ಬರೋಗಂಟ ಕೈ ಹಚ್ಚಬ್ಯಾಡ ಅಂದ್ರು. ಹೊಳೆ ಬಂದಾಗ ದೊಡ್ಡ ರಸ್ತೆಗೆ ತಳ್ಳಿ ಉಳಿಸಿದೆ. ಈಗ ಹಿಂದಿನ ಸೀಟಿನ ಮ್ಯಾಲೆ ಕೋಳಿ ಕಾವು ಕೂತೈತೆ. ಕಾರಿನ ಮಾಲೀಕ ಕೇಳಿದ್ರೆ, ಪ್ರೊಸೆಸ್ ನಡದೈತೆ ಅಂತ ಹೇಳೀನಿ."

"ನಿಮ್ಮ ಪುಟ್ಟಕ್ಕಂದು ಹಂಗಾಗಲ್ಲ ಬಿಡು. ಆಫೀಸರೇ ಬರ್ತಾ ಇದ್ದಾರೆ" ಎಂದರು ಬಕ್ಕೇಶಪ್ಪ ಹೆಮ್ಮೆಯಿಂದ.

ನಯೀಮ್ ಪುಟ್ಟಕ್ಕನ ಮನೆಯ ಕಡೆ ನೋಡಿ ತಲೆ ಕೆರೆದುಕೊಂಡ.

ಪುಟ್ಟಕ್ಕನ ಮನೆಯ ಮುಂದೆ ಬಂದು ಬಕ್ಕೇಶಪ್ಪ ನಿಂತರು. ಕನ್ನಡಕ ತೆಗೆದು ನೋಡಿದರು. ಗೋಡೆಗೆ ಹೊಸ ಸುಣ್ಣ. ಹೊಸ್ತಿಲಿಗೆ ಅರಿಶಿನ ಕುಂಕುಮ. ಬಾಗಿಲಿಗೆ ಮಾವಿನ ತೋರಣ. ಅಂಗಳದಲ್ಲಿ ನಾಲ್ಕು ಎಳೆ ರಂಗೋಲಿ. ಒಳಗೆ ಕಡಪಾ ಕಲ್ಲಿನಲ್ಲಿ ಮುಖ ಕಾಣುತ್ತಿತ್ತು. ನೀರು ಕುಡಿದು ಉಬ್ಬಿದ್ದ ಬಾಗಿಲುಗಳ ತಳವನ್ನು ಬಡಗಿಯಿಂದ ಹೆರೆಸಿ ಬಣ್ಣ ಹಚ್ಚಿಸಿದ್ದರು. ಊದುಬತ್ತಿಯ ವಾಸನೆ. ಒಲೆಯ ಮೇಲೆ ಮೆಣಸಿನಕಾಯಿ ಬಜ್ಜಿಯ ಬಾಣಲೆ. ಪುಟ್ಟಕ್ಕ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು.

"ಬರ್ರಿ ಬಕ್ಕೇಶಪ್ಪಾರೆ. ಹೆಂಗಾಗೈತೆ ನೋಡ್ರಿ. ಓಣಿಯಾಗಿನ ಹೆಣ್ಣುಮಕ್ಕಳೆಲ್ಲ ಬಂದು ಎಂಟು ದಿನ ತಿಕ್ಕೀವಿ. ಈ ಸಲ ಆಫೀಸರು ಕಡಾಯಿ ಮ್ಯಾಲೆ ಕೂರೋ ಹಂಗಿಲ್ಲ."

ಬಕ್ಕೇಶಪ್ಪ ಅಡಿಗೆಮನೆಗೆ ಇಣುಕಿ ನೋಡಿದರು. "ಫ್ರಿಜ್ಜು ಎಲ್ಲಿ?" ಎಂದರು.

"ಕೆಟ್ಟು ನಾತ ಹೊಡೀತಿತ್ತು. ಗುಜರಿಗೆ ಹಾಕಿದ್ವಿ" ಎಂದಳು ನೇತ್ರಾವತಿ.

"ಜೋಳ? ಅಕ್ಕಿ?"

"ಹುಳ ಬಿದ್ದಿದ್ವು. ಹೊಳೆಗೆ ಹಾಕಿದ್ವಿ."

"ರುಬ್ಬೋ ಮಷೀನು?"

"ನಾನು ರಿಪೇರಿ ಮಾಡೀನಿ ಕಾಕಾ" ಎಂದ ಹಿಂದೆಯೇ ಬಂದಿದ್ದ ನಯೀಮ್, ತಪ್ಪು ಒಪ್ಪಿಕೊಳ್ಳುವವನಂತೆ. "ಮಸ್ತ್ ಓಡ್ತೈತೆ."

"ಒಂದು ಫೋಟೋ ಆದ್ರೂ ಹೊಡಕೊಂಡಿರೇನವ್ವಾ?"

"ನೀರು ಬಂದಾಗ ಮಕ್ಕಳನ್ನ ಹೊತ್ಕಳಾದೋ, ಫೋಟೋ ಹೊಡಿಯಾದೋ?" ಎಂದಳು ನೇತ್ರಾವತಿ. "ಶಾಲೆಗೆ ಹೋಗಾದ್ರಾಗೆ ಮೊಬೈಲೂ ನೀರು ಕುಡೀತು."

ಅಷ್ಟರಲ್ಲಿ ಸರ್ವೇಯರ್ ಬಂದ. ಮಹಾಂತೇಶ್ ಎಂದು ಹೆಸರು. ಬೈಕಿನಲ್ಲಿ ಬಂದಿದ್ದ, ಹೆಲ್ಮೆಟ್ಟಿನಿಂದ ಕೂದಲು ಬೆವರಿಗೆ ಅಂಟಿತ್ತು. ಸಂಜೆಯೊಳಗೆ ರಾಣೇಬೆನ್ನೂರು ಮುಟ್ಟಿ ಇನ್ನೂ ಎರಡು ಕಾರು ನೋಡಬೇಕು ಎಂದ. ಕೆಟ್ಟ ಹುಡುಗನಲ್ಲ. ಚಪ್ಪಲಿ ಹೊರಗೆ ಬಿಟ್ಟ, ಪುಟ್ಟಕ್ಕನಿಗೆ ಕೈ ಮುಗಿದ. ಮೊಬೈಲು ತೆಗೆದು ಒಂದೊಂದೇ ಕೋಣೆಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದ.

"ಅಜ್ಜಿ, ಹಾನಿ ಆಗಿದ್ದು ಯಾವ ಮನೆಗೆ?"

"ಇದೇ ಮನೆಗೆ ಕಣಪ್ಪ. ಇಲ್ಲೀಗಂಟ ಬಂದಿತ್ತು" ಎಂದು ಪುಟ್ಟಕ್ಕ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದಳು. "ಅದೆಲ್ಲ ಇರ್ಲಿ. ಮೊದಲು ಕೂಡ್ರಿ. ಒಗ್ಗರಣೆ ಮಂಡಕ್ಕಿ ಮಾಡೀನಿ, ಮೆಣಸಿನಕಾಯಿ ಬಿಸಿ ಅದಾವೆ."

ಹುಡುಗ ಕೂತ. ತಿಂದ. ಹಸಿದಿದ್ದನೋ ಏನೋ, ಎರಡನೆಯ ಸಲವೂ ಹಾಕಿಸಿಕೊಂಡ. ಆಮೇಲೆ ಬಕ್ಕೇಶಪ್ಪನವರನ್ನು ಅಂಗಳಕ್ಕೆ ಕರೆದು, ಮೊಬೈಲು ತೋರಿಸಿದ. "ಸರ್, ಇದರಾಗೆ ಹಾನಿ ಫೋಟೋ ಹಾಕದಿದ್ರೆ ಮುಂದಕ್ಕೇ ಹೋಗಲ್ಲ. ನಾನು ಏನು ಹಾಕಲಿ? ಗೃಹಪ್ರವೇಶದ ಮನೆ ಇದ್ದಂಗೈತೆ."

"ಊರಿಗೆ ಊರೇ ಗೊತ್ತಪ್ಪ, ನೀರು ಬಂದಿದ್ದು. ಅಕ್ಕಪಕ್ಕದೋರನ್ನ ಕೇಳು."

"ಕೇಳಿದ್ದನ್ನ ಬರಿಯಾಕೆ ಇದರಾಗೆ ಜಾಗ ಇಲ್ಲ ಸರ್." ಹುಡುಗ ಸ್ವಲ್ಪ ಹೊತ್ತು ರಂಗೋಲಿ ನೋಡುತ್ತಾ ನಿಂತ. ಆಮೇಲೆ ಅವರ ಕಡೆ ನೋಡದೆ ಹೇಳಿದ: "ನಾನು ಬಸ್ ಸ್ಟ್ಯಾಂಡ್ ಕಡೆ ಹೋಗಿ ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ. ಅರ್ಧ ತಾಸು ಆಗ್ತದೆ. ಬಂದು ಇನ್ನೊಂದ್ಸಲ ನೋಡ್ತೀನಿ."

ಬೈಕು ಓಣಿ ದಾಟಿತು. ನಯೀಮ್‌ಗೆ ಅಷ್ಟೇ ಸಾಕಾಯಿತು. "ಕಾಕಾ, ಹುಡುಗ ದಾರಿ ಬಿಟ್ಟುಕೊಟ್ಟಾನೆ. ಹೊಳೆ ದಂಡೆ ಇಲ್ಲೇ ಐತೆ. ಎರಡು ಬಾಂಡ್ಲಿ ಕೆಸರು ತಂದು ಅಡಿಗೆಮನೆಗೆ ಚೆಲ್ಲಿದ್ರೆ ಮುಗೀತು. ಗೋಡೆಗೆ ಒಂದು ಗೆರೆ ಎಳೀರಿ. ಫೋಟೋ ಆದ ಮ್ಯಾಲೆ ನಾನೇ ತೊಳೆದು ಕೊಡ್ತೀನಿ. ನಿಜವಾಗ್ಲೂ ಬಂದ ನೀರಲ್ವಾ? ಸುಳ್ಳು ಎಲ್ಲೈತೆ?"

ಸುಳ್ಳು ಎಲ್ಲಿದೆ ಎಂದು ಬಕ್ಕೇಶಪ್ಪನವರಿಗೂ ಕಾಣಲಿಲ್ಲ. ಹಾನಿ ನಿಜ, ಪಾಲಿಸಿ ನಿಜ, ಕೊಟ್ಟ ಮಾತು ನಿಜ. ಇಲ್ಲದೇ ಇರುವುದು ಕೆಸರೊಂದೇ. ಅವರು ನಯೀಮ್‌ನ ಶೆಡ್ಡಿನಿಂದ ಬಾಂಡ್ಲಿ ಎತ್ತಿಕೊಂಡು ದಂಡೆಗೆ ನಡೆದರು. ಡಾಕ್ಟರು ಬಗ್ಗಬೇಡಿ ಎಂದಿದ್ದರು. ಬಗ್ಗಿ ಕೈಯಿಂದಲೇ ಕೆಸರು ಬಾಚಿ ತುಂಬಿದರು. ಬಿಳಿ ಅಂಗಿಯ ತೋಳಿಗೆ ಕಪ್ಪು ಮಣ್ಣು ಹತ್ತಿತು. ಹಿಂದೊಮ್ಮೆ ಇದೇ ಓಣಿಯಲ್ಲಿ ಇದೇ ಮಣ್ಣನ್ನು ತುಳಿದುಕೊಂಡು ಹೋಗಿದ್ದರು. ಆಗ ಕಾಲಿಗೆ ಹತ್ತಿದ ಮಣ್ಣಿಗೆ ಇಷ್ಟು ಭಾರ ಇರಲಿಲ್ಲ.

ಅವರು ಬಾಂಡ್ಲಿ ಹೊತ್ತು ಬಂದಾಗ ಪುಟ್ಟಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ನಯೀಮ್ ವಿಷಯ ಹೇಳಿಯಾಗಿತ್ತು.

"ಏನ್ರಿ ಅದು?"

"ಪುಟ್ಟಕ್ಕ, ಒಂದು ಗಳಿಗೆ. ಫೋಟೋ ಹೊಡೆದ ಮ್ಯಾಲೆ ತೊಳೆದ್ರಾಯ್ತು. ಇಲ್ಲಾಂದ್ರೆ ಏನೂ ಬರಲ್ಲ."

"ನನ್ನ ಮನೆ ಮುಳುಗಿಸಾಕೆ ಹೊಳೆಗೆ ಯಾರನ್ನೂ ಕೇಳೋ ಕಾರಣ ಇರಲಿಲ್ಲ. ಬಂತು, ಹೋತು. ನೀವು ಕೇಳ್ತಾ ಇದ್ದೀರಿ. ನಾನು ಹೂಂ ಅನ್ಲಾ?" ಅವಳ ದನಿ ಏರಲಿಲ್ಲ. "ಶ್ರಾವಣ. ಒಲೆಗೆ ಪೂಜೆ ಮಾಡಿ ಬೆಂಕಿ ಹಚ್ಚೀನಿ. ನಾಳೆಯಿಂದ ಮಂದಿ ಉಣ್ಣಾಕೆ ಬರ್ತಾರೆ. ಉಣ್ಣೋ ಜಾಗಕ್ಕೆ ನನ್ನ ಕೈಯಾರ ಕೆಸರು ಎರಚಿ, ನೋಡಪ್ಪಾ ನನ್ನ ಗತಿ ಹಿಂಗಾಗೈತೆ ಅಂತ ಆ ಹುಡುಗನ ಮುಂದೆ ಕೈ ಒಡ್ಡಲಾ? ಈಗ ತಾನೇ ಉಂಡು ಎದ್ದಾನೆ ಅವನು."

"ಅವ್ವ, ಫ್ರಿಜ್ ತಗಳಾದು ಹೆಂಗೆ ಅಂತ ಆಮೇಲೆ ನನ್ನ ಕೇಳಬ್ಯಾಡ" ಎಂದಳು ನೇತ್ರಾವತಿ. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಫ್ರಿಜ್ ಇಲ್ದೇನೂ ಖಾನಾವಳಿ ನಡೆಸೀನಿ. ಕೆಸರಾಗೆ ನಡೆಸಿಲ್ಲ."

ಬಕ್ಕೇಶಪ್ಪ ಬಾಂಡ್ಲಿ ಹೊತ್ತೇ ನಿಂತಿದ್ದರು. ಹೊಸ್ತಿಲು ದಾಟುವುದಿದ್ದರೆ ರಂಗೋಲಿ ತುಳಿಯಬೇಕಿತ್ತು. ಅವರು ಹಿಂದಕ್ಕೆ ತಿರುಗಿದರು. ಬಾಂಡ್ಲಿಯನ್ನು ಓಣಿಯ ಗಟಾರದ ಪಕ್ಕ ಮಗುಚಿದರು. ನಯೀಮ್ ನೀರು ಹಾಕಿದ, ಕೈ ತೊಳೆದುಕೊಂಡರು.

ಹುಡುಗ ವಾಪಸು ಬಂದ. ಬಾಗಿಲಲ್ಲೇ ನಿಂತು ಒಳಗೆ ನೋಡಿದ. ಮೊದಲಿನಂತೆಯೇ ಇತ್ತು. "ಹಂಗೇ ಐತಲ್ಲ ಸರ್" ಎಂದ.

"ಹಂಗೇ ಐತೆ. ಇದ್ದದ್ದು ಇದ್ದಂಗೆ ಬರಿಯಪ್ಪ" ಎಂದರು ಬಕ್ಕೇಶಪ್ಪ.

ಹುಡುಗ ಬೆಳ್ಳಗಿನ ಗೋಡೆಯ ನಾಲ್ಕು ಫೋಟೋ ತೆಗೆದುಕೊಂಡ. ಹೋಗುವಾಗ ಪುಟ್ಟಕ್ಕ ಅವನ ಕೈಗೆ ಎರಡು ಜೋಳದ ರೊಟ್ಟಿ ಕಟ್ಟಿಕೊಟ್ಟಳು. ರಾಣೇಬೆನ್ನೂರು ದೂರ ಎಂದಳು.

ಸಂದೇಶ ಬಂದದ್ದು ಗಣೇಶನ ಹಬ್ಬ ಕಳೆದ ಮೇಲೆ. ಪರಿಶೀಲನೆಯ ವೇಳೆ ಯಾವುದೇ ಹಾನಿ ಕಂಡುಬಂದಿಲ್ಲ, ಆದ್ದರಿಂದ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ. ಬಕ್ಕೇಶಪ್ಪ ಮೇಲಿನವರಿಗೆ ಬರೆದರು. ಮೇಲಿನವರೂ ಅದನ್ನೇ, ಇನ್ನಷ್ಟು ವಿನಯದಿಂದ, ತಿಳಿಸಿದರು. ಸ್ನೇಹಾ ಇನ್ನೊಮ್ಮೆ ಫೋನು ಹಚ್ಚಲೇ ಎಂದಾಗ ಬೇಡವೆಂದು ಕೈಯಾಡಿಸಿದರು. ಸುದ್ದಿಯನ್ನು ಫೋನಿನಲ್ಲಿ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಇಲ್ಲ ಎನ್ನುವುದನ್ನು ಎದುರಿಗೆ ಹೇಳಿಯೇ ಅವರಿಗೆ ಅಭ್ಯಾಸ.

ಕಾರ್ತಿಕದಲ್ಲಿ, ಪಾಲಿಸಿಯ ಅವಧಿ ಮುಗಿಯುವ ವಾರ, ಹರಿಹರಕ್ಕೆ ಹೋದರು. ಮಧ್ಯಾಹ್ನದ ಗಿರಾಕಿಗಳು ಎದ್ದು ಹೋಗಿದ್ದರು. ನೇತ್ರಾವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಫ್ರಿಜ್ ಇದ್ದ ಜಾಗದಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಗಳಿದ್ದವು. ಬಕ್ಕೇಶಪ್ಪ ಕೂತವರೇ, ಸುತ್ತಿ ಬಳಸದೆ, ಪರಿಹಾರ ಬರುವುದಿಲ್ಲವೆಂದು ಹೇಳಿದರು.

"ಗೊತ್ತೈತೆ ಬಿಡ್ರಿ" ಎಂದಳು ಪುಟ್ಟಕ್ಕ. "ಬರೋದಿದ್ರೆ ನೀವು ಇಷ್ಟು ತಡ ಮಾಡ್ತಿರಲಿಲ್ಲ." ಆಮೇಲೆ ಕೇಳಿದಳು: "ಬರೋ ವರ್ಷಕ್ಕೆ ಕಟ್ಟಬೇಕಲ್ಲ? ಇವತ್ತೇ ಕಟ್ಟಿಬಿಡ್ಲಾ?"

ಇಷ್ಟು ವರ್ಷ ಈ ಪ್ರಶ್ನೆಗೆ ಅವರು ಉತ್ತರ ಯೋಚಿಸಿದ್ದೇ ಇಲ್ಲ. ಈ ಸಲ ಯೋಚಿಸಿಕೊಂಡೇ ಬಂದಿದ್ದರು.

"ಪುಟ್ಟಕ್ಕ, ಒಂದು ಮಾತು ಕೇಳ್ತೀನಿ. ಮತ್ತೆ ಹೊಳೆ ಬಂತು ಅಂತ ಇಟ್ಕ. ಸರ್ವೇಯರು ಬರೋಗಂಟ ಮನೆ ಕಸ ಹೊಡೀದೆ ಹಂಗೇ ಬಿಡ್ತೀಯಾ?"

ಗಿರಾಕಿಯ ಮನೆಯೊಳಗೆ ಕೂತು ಅವರು ಕೇಡನ್ನು ಹೆಸರು ಹಿಡಿದು ಆಡಿದ್ದು ಬಹಳ ವರ್ಷಗಳ ಮೇಲೆ. ಪುಟ್ಟಕ್ಕ ಅದನ್ನು ಗಮನಿಸಿದಳು. ಆದರೆ ಬೈಯಲಿಲ್ಲ.

"ಎಷ್ಟು ದಿನ?"

"ವಾರ ಆಗಬಹುದು, ಹದಿನೈದು ದಿನ ಆಗಬಹುದು. ನನ್ನ ಕೈಯಾಗಿಲ್ಲ ಈಗ. ನಾನು ಬಂದ್ರೂ ಕಂಪನಿ ಬರಲ್ಲ."

ಪುಟ್ಟಕ್ಕ ಒಲೆಯ ಕಡೆ ನೋಡಿದಳು, ನೆಲದ ಕಡೆ ನೋಡಿದಳು. "ಸುಳ್ಳು ಯಾಕ ಹೇಳ್ಲಿ. ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ಕಟ್ಟಬ್ಯಾಡ."

ರೊಟ್ಟಿ ಬಡಿಯುವ ಸದ್ದು ನಿಂತಿತು. "ನೀವೇ ಹೇಳ್ತಾ ಇದ್ದೀರೇನು ಇದನ್ನ?" ಎಂದಳು ನೇತ್ರಾವತಿ.

"ಕಟ್ಟು ಅಂತ ಇಷ್ಟು ವರ್ಷ ಹೇಳಿದವನೂ ನಾನೇ ಅಲ್ವೇನವ್ವ? ಇದನ್ನೂ ನಾನೇ ಹೇಳಬೇಕು."

ಪುಟ್ಟಕ್ಕ ಎದ್ದು ಹೋಗಿ ತಾಟು ತಂದು ಅವರ ಮುಂದಿಟ್ಟಳು. ಎಣ್ಣೆಗಾಯಿ ಬಡಿಸಿದಳು, ಚಟ್ನಿ ಹಾಕಿದಳು. ಆಮೇಲೆ, ಬೇರೆ ಏನೋ ಹೇಳುವವಳಂತೆ, "ಹಂಗಾರೆ ಬರೋ ಕಾರ್ತಿಕಕ್ಕೆ ನೀವು ಈ ಕಡೆ ಬರಲ್ಲ ಅನ್ರಿ" ಎಂದಳು.

"ಯಾಕ ಬರಲ್ಲ? ಗಿರಾಕಿ ಆಗಿ ಬರ್ತೀನಿ."

"ಗಿರಾಕಿ ಆದ್ರೆ ದುಡ್ಡು ಕೊಡಬೇಕಾಗ್ತದೆ. ಇಷ್ಟು ವರ್ಷ ಏಜೆಂಟ್ರು ಅಂತ ಬಿಟ್ಟಿದ್ದೆ."

"ಕೊಡ್ತೀನಿ. ರೊಟ್ಟಿ ಆರಿದ್ರೆ ದೂರು ಯಾರಿಗೆ ಕೊಡ್ಲಿ?"

"ನಂಬರ್ ಗಿಂಬರ್ ಏನಿಲ್ಲ ಇಲ್ಲಿ. ನಾನು ಇಲ್ಲೇ ನಿಂತಿರ್ತೀನಿ, ನನ್ನ ಮುಂದೆ ಹೇಳ್ರಿ" ಎಂದಳು ಪುಟ್ಟಕ್ಕ, ನೀರಿನ ಚೊಂಬು ಮುಂದೆ ಹಿಡಿದು. "ಏಳ್ರಿ, ಕೈ ತೊಳ್ಕಳ್ರಿ ಮೊದಲು."